ಬ್ಯಾಂಕ್ ಖಾತೆ ಬದಲಿಸುವುದು ಹೇಗೆ? ಹಳೆಯದನ್ನು ಕೊನೆಗೆ ಮುಚ್ಚಿ

ಬ್ಯಾಂಕ್ ಬದಲಿಸಲು ಹೊರಟವರು ಎಡವುವುದು ಹೆಚ್ಚಾಗಿ ಎರಡೇ ಜಾಗದಲ್ಲಿ. ಕೆಲವರು ಸಿಟ್ಟಿನಲ್ಲಿ ಹಳೆ ಖಾತೆಯನ್ನು ಮೊದಲೇ ಮುಚ್ಚಿಬಿಡುತ್ತಾರೆ. ಮುಂದಿನ ತಿಂಗಳು ಸಾಲದ ಕಂತು ಬೌನ್ಸ್ ಆಗುತ್ತದೆ, ಗೃಹಲಕ್ಷ್ಮಿ ದುಡ್ಡು ಬರುವುದಿಲ್ಲ. ಇನ್ನು ಕೆಲವರು ಹೊಸ ಖಾತೆ ತೆರೆದ ಖುಷಿಯಲ್ಲಿ ಹಳೆಯದನ್ನು ಹಾಗೇ ಬಿಟ್ಟುಬಿಡುತ್ತಾರೆ. ಅಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಬೀಳುತ್ತಾ, ಇದ್ದ ಚೂರುಪಾರು ದುಡ್ಡೂ ಕರಗುತ್ತದೆ.

ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು, ಅಲ್ವಾ? ಖಾತೆ ಸಂಖ್ಯೆಗೆ ಆ ಸೌಲಭ್ಯ ನಮ್ಮ ದೇಶದಲ್ಲಿ ಇಲ್ಲ. ಬ್ಯಾಂಕ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಹಳೆ ಸಂಖ್ಯೆಯನ್ನು ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ನೀವೇ ಹೋಗಿ ಬದಲಿಸಬೇಕು. ಇದಕ್ಕೆ ಎರಡೂ ಖಾತೆ ಸುಮಾರು ಮೂರು ತಿಂಗಳು ಒಟ್ಟಿಗೆ ನಡೆಯಬೇಕು. ಒಂದೇ ವಾರದಲ್ಲಿ ಮುಗಿಸಲು ಹೋಗಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಊರು ಬದಲಿಸಿದ್ದೀರಿ, ಅಷ್ಟೇ ಕಾರಣ ಅಂದರೆ ಬ್ಯಾಂಕ್ ಬದಲಿಸುವ ಅಗತ್ಯ ಇಲ್ಲ. ಅದೇ ಬ್ಯಾಂಕಿನ ಹತ್ತಿರದ ಶಾಖೆಗೆ ಖಾತೆ ವರ್ಗಾವಣೆ ಕೇಳಿ. ಸಾಮಾನ್ಯವಾಗಿ ಖಾತೆ ಸಂಖ್ಯೆ ಅದೇ ಇರುತ್ತದೆ, ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡ್ ಮಾತ್ರ ಬದಲಾಗುತ್ತದೆ. ಇಲ್ಲಿರುವ ಅರ್ಧಕ್ಕರ್ಧ ಕೆಲಸ ತಪ್ಪುತ್ತದೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು

ಆಧಾರ್, ಪ್ಯಾನ್, ಎರಡು ಫೋಟೋ, ಹಳೆ ಪಾಸ್‌ಬುಕ್, ಹಳೆ ಚೆಕ್‌ಬುಕ್. ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರಿನ ಸಿಮ್ ಚಾಲ್ತಿಯಲ್ಲಿರಬೇಕು, ಆಧಾರ್‌ಗೂ ಅದೇ ನಂಬರ್ ಇದ್ದರೆ ಒಳ್ಳೆಯದು. ಒಟಿಪಿ ಬರದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್. ಫೋನಿನಲ್ಲಿ ಬರೆದುಕೊಂಡರೂ ಆಗುತ್ತದೆ, ಆದರೆ ಮನೆಯವರೆಲ್ಲ ನೋಡಿ "ಇದೊಂದು ಬಿಟ್ಟಿದ್ದೀಯ" ಅನ್ನಲು ಕಾಗದವೇ ವಾಸಿ.

ಹಂತ 1: ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಓದಿ

ಹೊಸ ಬ್ಯಾಂಕಿಗೆ ಕಾಲಿಡುವ ಮೊದಲು ಈ ಕೆಲಸ. ಹಳೆ ಖಾತೆಯ 13 ತಿಂಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಇಲ್ಲವೇ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ. ಹನ್ನೆರಡು ಸಾಲದು. ವರ್ಷಕ್ಕೊಮ್ಮೆ ಕಡಿತವಾಗುವ ದುಡ್ಡು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ, ಒಂದು ತಿಂಗಳು ಜಾಸ್ತಿ ಇದ್ದರೆ ಅದು ತಪ್ಪಿಸಿಕೊಳ್ಳುವುದಿಲ್ಲ.

ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಖಾತೆಗೆ ಬರುವ ದುಡ್ಡು, ಬಲಗಡೆ ತಾನಾಗಿ ಹೋಗುವ ದುಡ್ಡು. ಪ್ರತಿ ಸಾಲಿಗೂ ಮೊತ್ತ, ತಾರೀಕು, ಯಾರಿಗೆ ಹೇಳಬೇಕು ಅನ್ನುವುದನ್ನು ಬರೆಯಿರಿ. ಸ್ಟೇಟ್‌ಮೆಂಟಿನಲ್ಲಿ ಎಸಿಎಚ್, ನ್ಯಾಚ್, ಇಸಿಎಸ್, ಎಸ್‌ಐ ಅಂತ ಇರುವ ಕಡಿತದ ಸಾಲುಗಳೆಲ್ಲ ನೀವು ಯಾವತ್ತೋ ಒಪ್ಪಿಗೆ ಕೊಟ್ಟ ಆಟೋ ಡೆಬಿಟ್‌ಗಳು. ಒಂದನ್ನೂ ಬಿಡಬೇಡಿ.

ಅಮ್ಮನ ಖಾತೆ ಬದಲಿಸುವಾಗ ನಾವಿಬ್ಬರೂ ಜಗಲಿಯಲ್ಲಿ ಪಾಸ್‌ಬುಕ್ ಹಿಡಿದು ಕೂತಿದ್ದೆವು. ಪ್ರಿಂಟರಿನ ಶಾಯಿ ಮಾಸಿ, ಅಕ್ಷರಗಳು ಅರ್ಧರ್ಧ ಕಾಣುತ್ತಿದ್ದವು. ಮೇ ತಿಂಗಳ ಕೊನೆಯಲ್ಲಿ 20 ರೂಪಾಯಿ ಕಡಿತ ಆಗಿತ್ತು. "ಅದೇನೋ ಬ್ಯಾಂಕಿನವರು ಕಟ್ ಮಾಡ್ಕೋತಾರೆ, ಬಿಡು" ಅಂದಳು ಅಮ್ಮ. ಹಿಂದಿನ ವರ್ಷದ ಪುಟ ತಿರುಗಿಸಿದರೆ ಅದೇ ತಿಂಗಳು, ಅದೇ 20 ರೂಪಾಯಿ. ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ, ಅಂದರೆ 2 ಲಕ್ಷದ ಅಪಘಾತ ವಿಮೆ. ಖಾತೆ ಮುಚ್ಚಿದ್ದರೆ ವಿಮೆಯೂ ಅಲ್ಲಿಗೆ ನಿಲ್ಲುತ್ತಿತ್ತು, ಅದು ನಿಂತಿದೆ ಅನ್ನುವುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇದೇ ರೀತಿಯ ಇನ್ನೊಂದು ಕಡಿತ 436 ರೂಪಾಯಿಯದು. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ. ಇಲ್ಲಿ ತುಂಬಾ ಹುಷಾರಾಗಿರಬೇಕು. ಈ ವಿಮೆಗೆ ಹೊಸದಾಗಿ ಸೇರಲು 50 ವರ್ಷದ ಮಿತಿ ಇದೆ. ಮೊದಲೇ ಸೇರಿದವರಿಗೆ ಮಾತ್ರ 55ರವರೆಗೆ ಮುಂದುವರಿಯುತ್ತದೆ. ನಿಮಗೆ 50 ದಾಟಿದ್ದು, ಈ ಖಾತೆಯಲ್ಲಿ ಈ ವಿಮೆ ಇದ್ದರೆ, ಖಾತೆ ಮುಚ್ಚಿದ ಮೇಲೆ ಬೇರೆ ಬ್ಯಾಂಕಿನಲ್ಲಿ ಹೊಸದಾಗಿ ಸೇರಲು ಆಗುವುದಿಲ್ಲ. ಅಂಥವರು 55 ತುಂಬುವವರೆಗೆ ಹಳೆ ಖಾತೆಯನ್ನು ಆ ಒಂದು ಕೆಲಸಕ್ಕಾದರೂ ಇಟ್ಟುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. 50ರ ಒಳಗಿನವರು ಹೊಸ ಬ್ಯಾಂಕಿನಲ್ಲಿ ಮತ್ತೆ ಸೇರಬಹುದು. ಆದರೆ ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಪರಿಹಾರ ಸಿಗುತ್ತದೆ ಅನ್ನುವುದು ಗೊತ್ತಿರಲಿ.

ಸ್ಟೇಟ್‌ಮೆಂಟಿನಲ್ಲಿ ಕಾಣದೇ ಇರುವವೂ ಇರುತ್ತವೆ. ಯಾರಿಗಾದರೂ ಕೊಟ್ಟಿರುವ ಮುಂದಿನ ತಾರೀಕಿನ ಚೆಕ್. ಅದೇ ಖಾತೆಗೆ ಜೋಡಿಸಿದ ಎಫ್‌ಡಿ, ಲಾಕರ್, ಚಿನ್ನದ ಸಾಲ, ಪಿಪಿಎಫ್, ಸುಕನ್ಯಾ ಸಮೃದ್ಧಿ, ಫಾಸ್ಟ್ಯಾಗ್. ಇವನ್ನು ಮೂರನೇ ಪಟ್ಟಿಯಾಗಿ ಕೆಳಗೆ ಬರೆದಿಡಿ.

ಹಂತ 2: ಹೊಸ ಬ್ಯಾಂಕ್ ಆರಿಸಿ

ಯಾವ ಬ್ಯಾಂಕ್ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಮೂರು ಪ್ರಶ್ನೆ ಕೇಳಿ, ಸಾಕು.

ಮಿನಿಮಮ್ ಬ್ಯಾಲೆನ್ಸ್ ಎಷ್ಟು? ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2020ರಲ್ಲೇ ಉಳಿತಾಯ ಖಾತೆಗೆ ಈ ನಿಯಮ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಈ ದಂಡ ತೆಗೆಯಿತು. ಖಾಸಗಿ ಬ್ಯಾಂಕ್‌ಗಳಲ್ಲಿ ಸಾವಿರಗಟ್ಟಲೆ ಇಡಬೇಕಾದದ್ದು ಇದೆ. ಖಾತೆಯ ವಿಧದ ಹೆಸರು ಹೇಳಿ ಕೇಳಿ, ಒಂದೇ ಬ್ಯಾಂಕಿನಲ್ಲೂ ಒಂದೊಂದು ವಿಧಕ್ಕೆ ಒಂದೊಂದು ನಿಯಮ.

ಠೇವಣಿಗೆ ವಿಮೆ ಇದೆಯಾ? ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ಅಡಿಯಲ್ಲಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ರಕ್ಷಣೆ ಇದೆ, ಸಹಕಾರಿ ಬ್ಯಾಂಕುಗಳೂ ಇದರೊಳಗೆ ಬರುತ್ತವೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕಿನ ಥರಾನೇ ಕಂಡರೂ ಅವು ಬ್ಯಾಂಕ್ ಅಲ್ಲ. ಸಂಬಳದ ಖಾತೆ ಅಲ್ಲಿ ಬೇಡ.

ಮೂರನೆಯದು, ಮನೆಯ ಹಿರಿಯರು ನಡೆದು ಹೋಗುವಷ್ಟು ದೂರದಲ್ಲಿ ಶಾಖೆ ಇದೆಯಾ? ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಆಧಾರ್ ಕೆಲಸ, ಸಹಿ ಬದಲಾವಣೆ, ಹೆಸರು ತಿದ್ದುಪಡಿ ಅಂತ ಬಂದಾಗ ಕೌಂಟರೇ ಗತಿ.

ಹಂತ 3: ಖಾತೆ ತೆರೆಯಿರಿ, ಹೆಸರಿನ ವಿಷಯದಲ್ಲಿ ಎಚ್ಚರ

ಶಾಖೆಗೆ ಹೋಗಿ ತೆರೆಯಬಹುದು, ವಿಡಿಯೋ ಕರೆಯಲ್ಲೇ ಗುರುತು ತೋರಿಸುವ ವಿಡಿಯೋ ಕೆವೈಸಿ ಮೂಲಕವೂ ತೆರೆಯಬಹುದು. ಯಾವುದೇ ಆದರೂ ಮುಂದೆ ತಲೆನೋವು ತರುವುದು ಹೆಸರು.

ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರೇ ಕಡಿಮೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿ ಉದ್ದವಾಗಿ, ಪಾಸ್‌ಬುಕ್‌ನಲ್ಲಿ ಮತ್ತೊಂದು ಥರ. ಪಿಎಫ್, ಆದಾಯ ತೆರಿಗೆ ರೀಫಂಡ್, ಮ್ಯೂಚುವಲ್ ಫಂಡ್ ಎಲ್ಲರೂ ಬ್ಯಾಂಕಿನಲ್ಲಿರುವ ಹೆಸರನ್ನು ತಮ್ಮ ಬಳಿ ಇರುವ ಹೆಸರಿನ ಜೊತೆ ತಾಳೆ ನೋಡುತ್ತಾರೆ. ಹಾಗಾಗಿ ಆಧಾರ್, ಪ್ಯಾನ್ ಎರಡರಲ್ಲೂ ಹೆಸರು ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಖಾತೆ ತೆರೆಯಿರಿ. ಎರಡು ವಾರ ತಡವಾದರೂ ಪರವಾಗಿಲ್ಲ.

ಫಾರ್ಮಿನಲ್ಲಿ ನಾಮಿನಿ ಜಾಗ ಖಾಲಿ ಬಿಡಬೇಡಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಮಾಡಬಹುದು. ಚೆಕ್‌ಬುಕ್ ಬೇಕು ಅಂತಲೂ ಅಲ್ಲೇ ಟಿಕ್ ಮಾಡಿ. ಮುಂದಿನ ಹಂತಗಳಲ್ಲಿ ಹಲವು ಕಡೆ ಹೆಸರು ಮುದ್ರಿಸಿದ ಚೆಕ್ ಹಾಳೆಯ ಮೇಲೆ ಗೆರೆ ಎಳೆದು 'ಕ್ಯಾನ್ಸಲ್ಡ್' ಅಂತ ಬರೆದು ಕೊಡಬೇಕಾಗುತ್ತದೆ.

ಎಚ್ಚರಿಕೆಯ ಸೂಚನೆ: "ಖಾತೆ ತೆರೆಯಬೇಕು ಅಂದ್ರೆ ಈ ಇನ್ಶೂರೆನ್ಸ್ ಮಾಡಿಸಲೇಬೇಕು" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಅಂಥ ನಿಯಮ ಇಲ್ಲ. ಒಪ್ಪಿಕೊಂಡು ಸಹಿ ಹಾಕಿಬಿಟ್ಟಿದ್ದರೆ, ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡುವ ಹಕ್ಕು ನಿಮಗಿದೆ.

ಹಂತ 4: ಒಂದು ರೂಪಾಯಿ ಹಾಕಿ ನೋಡಿ

ಸಂಬಳ ತಿರುಗಿಸುವ ಮೊದಲು ಹೊಸ ಖಾತೆ ನಿಜವಾಗಿ ಓಡುತ್ತದಾ ಅಂತ ಒಂದು ವಾರ ಪರೀಕ್ಷಿಸಿ. ಹಳೆ ಖಾತೆಯಿಂದ 1 ರೂಪಾಯಿ ಕಳುಹಿಸಿ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ ಇರುತ್ತದೆ, ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ 'ಓ' ಅಲ್ಲ. ಇಲ್ಲಿ ತಪ್ಪುವವರು ಬಹಳ. ಆಮೇಲೆ ಎಟಿಎಂನಲ್ಲಿ 500 ರೂಪಾಯಿ ತೆಗೆಯಿರಿ. ಮೆಸೇಜ್ ಬಂತಾ ನೋಡಿ.

ಹೊಸ ಡೆಬಿಟ್ ಕಾರ್ಡ್ ಆನ್‌ಲೈನಿನಲ್ಲಿ ಓಡುತ್ತಿಲ್ಲ ಅಂತ ಗಾಬರಿ ಬೇಡ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಮೆಷಿನ್‌ಗೆ ಮಾತ್ರ ತೆರೆದಿರುತ್ತವೆ. ಆನ್‌ಲೈನ್ ಬಳಕೆಯನ್ನು ಆ್ಯಪ್‌ನಲ್ಲೋ ನೆಟ್ ಬ್ಯಾಂಕಿಂಗ್‌ನಲ್ಲೋ ನೀವೇ ಆನ್ ಮಾಡಬೇಕು.

ಯುಪಿಐ ಆ್ಯಪ್ ಬದಲಿಸಬೇಕಿಲ್ಲ. ಈಗಿರುವ ಆ್ಯಪ್‌ಗೇ ಹೊಸ ಖಾತೆ ಸೇರಿಸಿ, ಹೊಸ ಪಿನ್ ಹಾಕಿ. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ನೋಡಿ. ದುಡ್ಡು ಸ್ವೀಕರಿಸುವ ಮುಖ್ಯ ಖಾತೆ ಯಾವುದು ಅನ್ನುವುದನ್ನು ಇನ್ನೂ ಬದಲಿಸಬೇಡಿ, ಅದಕ್ಕೆ ಹಂತ 7 ಇದೆ.

ಹಂತ 5: ಬರುವ ದುಡ್ಡನ್ನು ಮೊದಲು ತಿರುಗಿಸಿ

ಮೊದಲು ಬರುವುದು, ಆಮೇಲೆ ಹೋಗುವುದು. ಇದನ್ನು ಉಲ್ಟಾ ಮಾಡಿದರೆ ಕಂತು ಹೊಸ ಖಾತೆಗೆ ಬಂದು ಬಾಗಿಲು ತಟ್ಟುತ್ತದೆ, ಅಲ್ಲಿ ದುಡ್ಡೇ ಇರುವುದಿಲ್ಲ.

ಸಂಬಳ: ಕಂಪನಿಯ ಎಚ್‌ಆರ್‌ಗೆ ತಿಂಗಳ ಮೊದಲ ವಾರದಲ್ಲೇ ತಿಳಿಸಿ. ಬಹಳ ಕಡೆ 15ರಿಂದ 20ರ ಹೊತ್ತಿಗೆ ಸಂಬಳದ ಪಟ್ಟಿ ಮುಗಿದಿರುತ್ತದೆ. ಸರ್ಕಾರಿ ನೌಕರರು ಡಿಡಿಒಗೆ ಅರ್ಜಿ ಕೊಟ್ಟು ಎಚ್‌ಆರ್‌ಎಂಎಸ್‌ನಲ್ಲಿ ಬದಲಾವಣೆ ಆಗಿದೆಯಾ ಅಂತ ಕಣ್ಣಾರೆ ನೋಡಿ. ಸಂಬಳದ ಆಧಾರದ ಮೇಲೆ ಹಳೆ ಬ್ಯಾಂಕಿನಲ್ಲಿ ಸಾಲ ಇದ್ದರೆ ಅವರ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಕೇಳುತ್ತಾರೆ, ಅದನ್ನು ಮೊದಲೇ ತೆಗೆದಿಡಿ.

ಸಂಬಳ ನಿಂತ ಹಳೆ ಖಾತೆ ಸಂಬಳದ ಖಾತೆಯಾಗಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಅದು ಮಾಮೂಲಿ ಉಳಿತಾಯ ಖಾತೆಯಾಗುತ್ತದೆ, ಮಿನಿಮಮ್ ಬ್ಯಾಲೆನ್ಸ್ ಇರುವ ಬ್ಯಾಂಕಾದರೆ ದಂಡ ಶುರುವಾಗುತ್ತದೆ. ನಾನು ಮೂರು ತಿಂಗಳು ಅನ್ನುವುದಕ್ಕೆ ಇದೂ ಒಂದು ಕಾರಣ.

ಪಿಂಚಣಿ ಪಡೆಯುವವರು ಅವಸರ ಮಾಡಲೇಬಾರದು. ಕಾಗದ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಲು ಸಮಯ ಹಿಡಿಯುತ್ತದೆ. ಹೊಸ ಖಾತೆಯಲ್ಲಿ ಎರಡು ತಿಂಗಳ ಪಿಂಚಣಿ ಬಿದ್ದದ್ದು ನೋಡುವವರೆಗೆ ಹಳೆಯದನ್ನು ಮುಟ್ಟಬೇಡಿ. ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡುವ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ನಿಮಗೆ ಮನೆ ಬಾಡಿಗೆ ಕಟ್ಟುವವರಿಗೆ, ಹಾಲಿನ ಡೈರಿಯ ಕಾರ್ಯದರ್ಶಿಗೆ, ಮಾಲು ಕೊಳ್ಳುವ ಮಂಡಿಯವರಿಗೆ ಬಾಯಲ್ಲಿ ಹೇಳಿ ಸುಮ್ನೆ ಬರಬೇಡಿ. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಡಿ. ಸಂಘದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿ ಬರೆದರೂ ಹಾಲಿನ ಬಟವಾಡೆ ಯಾರದೋ ಖಾತೆಗೆ ಹೋಗುತ್ತದೆ.

ಪಿಎಫ್: ಯುಎಎನ್ ಪೋರ್ಟಲ್‌ನ ಕೆವೈಸಿ ವಿಭಾಗದಲ್ಲಿ ಹೊಸ ಖಾತೆ ಸೇರಿಸಿ. 2025ರ ಏಪ್ರಿಲ್‌ನಿಂದ ಇದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ. ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹೊಸ ಖಾತೆ ಸೇರಿಸಿ, ವ್ಯಾಲಿಡೇಟ್ ಮಾಡಿ, ರೀಫಂಡ್‌ಗೆ ಅದನ್ನೇ ಆರಿಸಿ. ಷೇರು ಇದ್ದರೆ ಡಿಮ್ಯಾಟ್ ಖಾತೆಯಲ್ಲಿ ಬ್ಯಾಂಕ್ ವಿವರ ಬದಲಿಸಿ. ಡಿವಿಡೆಂಡ್ ಅಲ್ಲಿರುವ ಖಾತೆಗೇ ಬರುವುದು.

ಹಂತ 6: ಆಧಾರ್ ಸೀಡಿಂಗ್

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ನಿಧಾನವಾಗಿ ಓದಿ.

ಹೊಸ ಖಾತೆ ತೆರೆಯುವಾಗ ಆಧಾರ್ ಕೊಟ್ಟಿರುತ್ತೀರಿ. "ಆಧಾರ್ ಲಿಂಕ್ ಆಗಿದೆ" ಅಂತ ಕೌಂಟರಿನಲ್ಲಿ ಹೇಳಿಯೂ ಇರುತ್ತಾರೆ. ಆದರೂ ಗೃಹಲಕ್ಷ್ಮಿಯ 2,000 ಹಳೆ ಖಾತೆಗೇ ಹೋಗುತ್ತದೆ. ಯಾಕೆ?

ಖಾತೆಗೆ ಗುರುತಿನ ದಾಖಲೆಯಾಗಿ ಆಧಾರ್ ಕೊಡುವುದು ಬೇರೆ, ಆಧಾರ್ ಸೀಡಿಂಗ್ ಬೇರೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ ಬಳಿ ಒಂದು ಪಟ್ಟಿ ಇದೆ. ಈ ಆಧಾರ್ ಸಂಖ್ಯೆಯ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವುದು ಅದರಲ್ಲಿರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ನಿಮ್ಮ ಆಧಾರ್ ಹತ್ತು ಬ್ಯಾಂಕಿನಲ್ಲಿ ಕೊಟ್ಟಿದ್ದರೂ ದುಡ್ಡು ಹೋಗುವುದು ಆ ಪಟ್ಟಿಯಲ್ಲಿ ಕೊನೆಯದಾಗಿ ದಾಖಲಾದ ಬ್ಯಾಂಕಿಗೆ ಮಾತ್ರ. ಗೃಹಲಕ್ಷ್ಮಿ, ಪಿಎಂ ಕಿಸಾನ್, ಗ್ಯಾಸ್ ಸಬ್ಸಿಡಿ, ಉದ್ಯೋಗ ಖಾತ್ರಿ ಕೂಲಿ ಇವೆಲ್ಲ ಈ ದಾರಿಯಲ್ಲೇ ಬರುತ್ತವೆ. ಇದಕ್ಕೇ ಡಿಬಿಟಿ, ಅಂದರೆ ನೇರ ನಗದು ವರ್ಗಾವಣೆ ಅನ್ನುವುದು.

ಮಾಡಬೇಕಾದ್ದು ಈ ಕ್ರಮದಲ್ಲಿ:

1. ಮೈ ಆಧಾರ್ ಪೋರ್ಟಲ್‌ಗೆ ಒಟಿಪಿ ಹಾಕಿ ಲಾಗಿನ್ ಆಗಿ, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿ. ಈಗ ಯಾವ ಬ್ಯಾಂಕಿದೆ, ಆ್ಯಕ್ಟಿವ್ ಇದೆಯಾ ಅನ್ನುವುದು ಕಾಣುತ್ತದೆ. ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

2. ಹೊಸ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ಕೇಳಿ. "ಲಿಂಕ್ ಮಾಡಿ" ಅನ್ನಬೇಡಿ. "ಡಿಬಿಟಿ ದುಡ್ಡು ಈ ಖಾತೆಗೆ ಬರಬೇಕು, ಎನ್‌ಪಿಸಿಐ ಸೀಡಿಂಗ್ ಮಾಡಿ" ಅನ್ನಿ. ಈ ಒಂದು ಮಾತಿನಲ್ಲೇ ಎಷ್ಟೋ ಓಡಾಟ ಉಳಿಯುತ್ತದೆ.

3. ಫಾರ್ಮಿನಲ್ಲಿ, ಬೇರೆ ಬ್ಯಾಂಕಿನಲ್ಲಿ ಈಗಾಗಲೇ ಸೀಡಿಂಗ್ ಆಗಿದೆ, ಅದನ್ನು ಇಲ್ಲಿಗೆ ಬದಲಿಸಿ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಟಿಕ್ ಮಾಡಿ, ಹಳೆ ಬ್ಯಾಂಕಿನ ಹೆಸರು ಬರೆಯಿರಿ. ಇದನ್ನು ಖಾಲಿ ಬಿಟ್ಟ ಅರ್ಜಿಗಳೇ ಅರ್ಧ ದಾರಿಯಲ್ಲಿ ಬಿದ್ದುಹೋಗುವುದು.

4. ಫಾರ್ಮ್ ತೆಗೆದುಕೊಂಡದ್ದಕ್ಕೆ ಸೀಲು ಹಾಕಿಸಿ.

5. ಒಂದು ವಾರ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಹೊಸ ಬ್ಯಾಂಕಿನ ಹೆಸರು, ಹೊಸ ತಾರೀಕು ಕಾಣಬೇಕು. ಕಾಣದಿದ್ದರೆ ಸೀಲು ಹಾಕಿದ ಕಾಗದ ಹಿಡಿದು ಮತ್ತೆ ಹೋಗಿ.

ಎನ್‌ಪಿಸಿಐ ಜಾಲತಾಣದಲ್ಲಿ 'ಭಾರತ್ ಆಧಾರ್ ಸೀಡಿಂಗ್ ಎನೇಬ್ಲರ್' ಅನ್ನುವ ಸೌಲಭ್ಯವೂ ಇದೆ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಮನೆಯಿಂದಲೇ ಬದಲಿಸಬಹುದು. ಎಲ್ಲಾ ಬ್ಯಾಂಕುಗಳೂ ಅದರಲ್ಲಿಲ್ಲ. ನಿಮ್ಮ ಬ್ಯಾಂಕ್ ಆ ಪಟ್ಟಿಯಲ್ಲಿದ್ದರೆ ಖಂಡಿತ ಉಪಯೋಗಿಸಿ.

ದೊಡ್ಡ ತಪ್ಪು: ಸೀಡಿಂಗ್ ಬದಲಾಗುವ ಮೊದಲೇ ಹಳೆ ಖಾತೆ ಮುಚ್ಚುವುದು. ಆಗ ಸರ್ಕಾರದ ದುಡ್ಡು ಮುಚ್ಚಿದ ಖಾತೆಗೆ ಹೋಗಿ ತಿರುಗಿ ವಾಪಸಾಗುತ್ತದೆ. ಹೆಣ್ಣುಮಕ್ಕಳು ಬ್ಯಾಂಕು, ಅಂಗನವಾಡಿ, ಸಿಡಿಪಿಒ ಕಚೇರಿ ಅಂತ ಕೂಲಿ ಬಿಟ್ಟು ಅಲೆಯುವುದನ್ನು ನೋಡಿದ್ದೇನೆ. ಎರಡು ಸಾವಿರ ಯಾವ ಮನೆಗೂ ಸಣ್ಣ ದುಡ್ಡಲ್ಲ. ದಯವಿಟ್ಟು ಈ ಹಂತ ಮುಗಿಯದೆ ಮುಂದೆ ಹೋಗಬೇಡಿ.

ಹಂತ 7: ಹೋಗುವ ದುಡ್ಡು

ಹೊಸ ಖಾತೆಗೆ ಒಂದು ಸಂಬಳ ಬಿದ್ದ ಮೇಲೆ ಇದನ್ನು ಶುರು ಮಾಡಿ. ಹಳೆ ಬ್ಯಾಂಕಿಗೆ ಕೊಟ್ಟ ಆಟೋ ಡೆಬಿಟ್ ಒಪ್ಪಿಗೆ ಹೊಸ ಬ್ಯಾಂಕಿಗೆ ತಾನಾಗಿ ಬರುವುದಿಲ್ಲ. ಪ್ರತಿಯೊಂದಕ್ಕೂ ಹೊಸ ಮ್ಯಾಂಡೇಟ್, ಅಂದರೆ ಹೊಸ ಒಪ್ಪಿಗೆ, ಕೊಡಬೇಕು, ಅದನ್ನು ದುಡ್ಡು ತೆಗೆದುಕೊಳ್ಳುವ ಸಂಸ್ಥೆಯ ಮೂಲಕವೇ ಕೊಡಬೇಕು.

ಸಾಲದ ಕಂತು ಮೊದಲು. ಸಾಲ ಕೊಟ್ಟವರ ಬಳಿ ಮ್ಯಾಂಡೇಟ್ ಬದಲಾವಣೆ ಕೇಳಿ. ಕಂತಿನ ತಾರೀಕಿಗೆ ಕನಿಷ್ಠ 20 ದಿನ ಮೊದಲು ಕೊಡಿ. ಕೆಲವರು ಇದಕ್ಕೆ ಶುಲ್ಕ ಹಾಕುತ್ತಾರೆ, ಮೊದಲೇ ಕೇಳಿಕೊಳ್ಳಿ. ಸಾಲದ ಹೊತ್ತಿನಲ್ಲಿ ಹಳೆ ಖಾತೆಯ ಚೆಕ್ ಕೊಟ್ಟಿದ್ದರೆ ಅವನ್ನು ವಾಪಸ್ ಪಡೆದು, ಹೊಸ ಖಾತೆಯ ಚೆಕ್ ಕೊಡಿ. ಬದಲಾವಣೆಯ ಮೊದಲ ತಿಂಗಳು ಎರಡೂ ಖಾತೆಯಲ್ಲಿ ಕಂತಿನಷ್ಟು ದುಡ್ಡು ಇಡಿ. ಕಷ್ಟ ಅಂತ ಗೊತ್ತು. ಆದರೆ ಮ್ಯಾಂಡೇಟ್ ಎಷ್ಟು ದಿನಕ್ಕೆ ನೋಂದಣಿಯಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬೌನ್ಸ್ ಆದರೆ ಬ್ಯಾಂಕಿನ ದಂಡ, ಸಾಲ ಕೊಟ್ಟವರ ದಂಡ, ಮೇಲೆ ಸಿಬಿಲ್‌ಗೂ ಪೆಟ್ಟು. ಆಟೋ ಡೆಬಿಟ್ ಬೌನ್ಸ್ ಆಗುವುದು ಚೆಕ್ ಬೌನ್ಸ್ ಥರಾನೇ ಕಾನೂನಿನ ಕಣ್ಣಿಗೂ ಬೀಳುತ್ತದೆ.

ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ಕಂತಿನಲ್ಲಿ ಹೋಗುವ ದುಡ್ಡು): ಫೋಲಿಯೋದಲ್ಲಿ, ಅಂದರೆ ಫಂಡ್‌ನವರ ಬಳಿ ಇರುವ ನಿಮ್ಮ ದಾಖಲೆಯಲ್ಲಿ, ಹೊಸ ಖಾತೆ ಸೇರಿಸಬೇಕು, ಹೊಸ ಮ್ಯಾಂಡೇಟ್ ಕೊಡಬೇಕು. ಎರಡೂ ಬೇರೆ ಬೇರೆ ಕೆಲಸ. ಒಂದನ್ನು ಮಾಡಿ ಎರಡೂ ಆಯಿತು ಅಂದುಕೊಳ್ಳುವವರು ಜಾಸ್ತಿ. ತಿಂಗಳ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ರದ್ದಾಗುತ್ತದೆ.

ವಿಮೆ: ಎಲ್‌ಐಸಿ ಆಗಲಿ, ಆರೋಗ್ಯ ವಿಮೆ ಆಗಲಿ, ಕಂತು ಕಟ್ಟುವ ಖಾತೆ ಒಂದು, ಪಾಲಿಸಿ ದುಡ್ಡು ಬರಬೇಕಾದ ಖಾತೆ ಇನ್ನೊಂದು. ಎರಡನ್ನೂ ಬದಲಿಸಿ. ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ತಿಂಗಳ ಕಡಿತಗಳನ್ನೆಲ್ಲ ಬದಲಿಸಿ, ವರ್ಷಕ್ಕೊಮ್ಮೆ ಹೋಗುವ ಟರ್ಮ್ ಇನ್ಶೂರೆನ್ಸ್ ಕಂತನ್ನು ಬಿಟ್ಟಿದ್ದೆ. ಹಳೆ ಖಾತೆಯಲ್ಲಿ ಇನ್ನೂರು ರೂಪಾಯಿ ಇತ್ತು. ಕಂತು ಬೌನ್ಸ್ ಆಯಿತು. ಗ್ರೇಸ್ ಅವಧಿಯ ಒಳಗೆ ಕಟ್ಟಿದ್ದರಿಂದ ಪಾಲಿಸಿ ಉಳಿಯಿತು. ಆ ಹದಿನೈದು ದಿನ ನನಗೇನಾದರೂ ಆಗಿದ್ದರೆ ಮನೆಯವರು ಏನೆಲ್ಲ ಓಡಾಡಬೇಕಾಗಿತ್ತೋ ಅಂತ ಈಗಲೂ ಅನ್ನಿಸುತ್ತದೆ. ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ಅಂತ ನಾನು ಪಟ್ಟು ಹಿಡಿಯುವುದು ಅದಕ್ಕೇ.

ಅಟಲ್ ಪಿಂಚಣಿ ಯೋಜನೆಗೆ ಹೊಸ ಬ್ಯಾಂಕಿಗೆ ವರ್ಗಾಯಿಸಲು ಬೇರೆ ಅರ್ಜಿ ಇದೆ, ಹಳೆ ಶಾಖೆಯಲ್ಲಿ ಕೇಳಿ. ಪಿಪಿಎಫ್, ಸುಕನ್ಯಾ ಸಮೃದ್ಧಿಯೂ ಹಾಗೇ, ಮುಚ್ಚದೆ ವರ್ಗಾಯಿಸಬಹುದು. ಕರೆಂಟ್ ಬಿಲ್, ಮೊಬೈಲ್, ಒಟಿಟಿಯಂಥ ಯುಪಿಐ ಆಟೋಪೇಗಳನ್ನು ಆ್ಯಪ್‌ನಲ್ಲೇ ನೋಡಿ, ಹಳೆಯದನ್ನು ರದ್ದು ಮಾಡಿ ಹೊಸ ಖಾತೆಯಿಂದ ಶುರು ಮಾಡಿ. ಯುಪಿಐಯಲ್ಲಿ ದುಡ್ಡು ಸ್ವೀಕರಿಸುವ ಮುಖ್ಯ ಖಾತೆಯನ್ನೂ ಈಗ ಬದಲಿಸಿ. ಅಂಗಡಿ ಇಟ್ಟವರು ಗೋಡೆಯ ಕ್ಯೂಆರ್ ಯಾವ ಖಾತೆಗೆ ಹೋಗುತ್ತದೆ ಅಂತ ಒಂದು ರೂಪಾಯಿ ಸ್ಕ್ಯಾನ್ ಮಾಡಿಸಿಯೇ ನೋಡಬೇಕು.

ಹೊಸ ಮ್ಯಾಂಡೇಟ್‌ನಿಂದ ಒಂದು ಕಂತು ಸರಿಯಾಗಿ ಹೋದ ಮೇಲೆ ಹಳೆ ಬ್ಯಾಂಕಿನಲ್ಲಿ ಹಳೆ ಮ್ಯಾಂಡೇಟ್ ರದ್ದು ಮಾಡಿಸಿ. ಮೊದಲೇ ರದ್ದು ಮಾಡಿಸಬೇಡಿ.

ಹಂತ 8: ಕಾಯಿರಿ

ಎರಡು ಪೂರ್ತಿ ತಿಂಗಳು ಸುಮ್ನೆ ನೋಡುತ್ತಿರಿ. ಹಳೆ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಮತ್ತು ಒಂದು ದೊಡ್ಡ ಕಂತಿನಷ್ಟು ದುಡ್ಡು ಇರಲಿ. ವಾರಕ್ಕೊಮ್ಮೆ ಹಳೆ ಸ್ಟೇಟ್‌ಮೆಂಟ್ ತೆರೆಯಿರಿ. ಅಲ್ಲಿ ಏನಾದರೂ ಬಂದರೆ, ಏನಾದರೂ ಹೋದರೆ, ಅದು ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಸಾಲು. ನೋಟ್‌ಬುಕ್ ತೆಗೆದು ಬರೆದುಕೊಳ್ಳಿ, ಹಂತ 5 ಅಥವಾ 7ಕ್ಕೆ ವಾಪಸ್ ಹೋಗಿ. ಬಡ್ಡಿ ಬಿಟ್ಟು ಬೇರೆ ಯಾವ ಎಂಟ್ರಿಯೂ ಇಲ್ಲದೆ ಒಂದು ತಿಂಗಳು ಕಳೆದರೆ ಮುಚ್ಚಲು ಸಿದ್ಧ ಅಂತ ಅರ್ಥ.

ಹಂತ 9: ಹಳೆ ಖಾತೆ ಮುಚ್ಚುವುದು

ಮೊದಲು ಸ್ಟೇಟ್‌ಮೆಂಟ್. ಎಷ್ಟು ವರ್ಷದ್ದು ಸಿಗುತ್ತದೋ ಅಷ್ಟೂ ಡೌನ್‌ಲೋಡ್ ಮಾಡಿ, ಈ ವರ್ಷದ ಬಡ್ಡಿ ಸರ್ಟಿಫಿಕೇಟ್ ಕೂಡ. ಖಾತೆ ಮುಚ್ಚಿದ ಮೇಲೆ ನೆಟ್ ಬ್ಯಾಂಕಿಂಗ್ ತೆರೆಯುವುದಿಲ್ಲ. ಸಾಲಕ್ಕೆ, ವೀಸಾಗೆ ಅರ್ಜಿ ಹಾಕಿದರೆ ಕೇಳುವುದು ಹಳೆ ಸ್ಟೇಟ್‌ಮೆಂಟನ್ನೇ.

ಎಫ್‌ಡಿ, ಲಾಕರ್, ಸಾಲ ಏನೇ ಜೋಡಿಸಿದ್ದರೂ ಅದನ್ನು ಮೊದಲು ಬಿಡಿಸಿಕೊಳ್ಳಿ. ಮೈನಸ್ ಬ್ಯಾಲೆನ್ಸ್ ತೋರಿಸಿದರೆ ಪ್ರಶ್ನಿಸಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿತಾಯ ಖಾತೆಯನ್ನು ಮೈನಸ್‌ಗೆ ಇಳಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ.

ಮುಚ್ಚುವ ಶುಲ್ಕ: ಹಲವು ಬ್ಯಾಂಕುಗಳಲ್ಲಿ ಖಾತೆ ತೆರೆದ 14 ದಿನದೊಳಗೆ ಮುಚ್ಚಿದರೆ ಶುಲ್ಕ ಇಲ್ಲ, ಒಂದು ವರ್ಷ ದಾಟಿದ ಮೇಲೂ ಇಲ್ಲ. ನಡುವೆ ಮುಚ್ಚಿದರೆ ಹಾಕುತ್ತಾರೆ. ಹನ್ನೊಂದು ತಿಂಗಳಾಗಿದ್ದರೆ ಇನ್ನೊಂದು ತಿಂಗಳು ತಡೆಯಿರಿ.

ಶಾಖೆಗೆ ಹೋಗುವಾಗ ಪಾಸ್‌ಬುಕ್, ಉಳಿದ ಚೆಕ್ ಹಾಳೆಗಳು, ಡೆಬಿಟ್ ಕಾರ್ಡ್, ಆಧಾರ್, ಪ್ಯಾನ್, ಹೊಸ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಒಯ್ಯಿರಿ. ಜಂಟಿ ಖಾತೆಯಾದರೆ ಎಲ್ಲರ ಸಹಿಯೂ ಬೇಕು.

ಅರ್ಜಿ ವಾಪಸ್ ಬರುವ ದೊಡ್ಡ ಕಾರಣ ಸಹಿ. ನನ್ನ ಹಳೆ ಖಾತೆಯ ಸಹಿ ಕಾಲೇಜಿನ ಮೊದಲ ವರ್ಷದ್ದು, ಪೂರ್ತಿ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದದ್ದು. ಈಗಿನದು ಇಂಗ್ಲಿಷಿನಲ್ಲಿ ಒಂದು ಗೀಟು. ಎರಡು ಸಲ ಅರ್ಜಿ ತಿರುಗಿ ಬಂತು. ಮೂರನೇ ಸಲ ಕೌಂಟರಿನಲ್ಲಿದ್ದ ಮೇಡಂ ಅವರೇ "ಮೊದಲು ಸಹಿ ಅಪ್‌ಡೇಟ್ ಫಾರ್ಮ್ ಕೊಡಿ, ಆಮೇಲೆ ಕ್ಲೋಸರ್" ಅಂದರು. ಅದೇ ಸರಿಯಾದ ಕ್ರಮ. ಹಳೆ ಸಹಿ ಕೈಗೆ ಬರುತ್ತಿಲ್ಲ ಅಂದರೆ ಅದನ್ನು ನೆನಪಿಸಿಕೊಂಡು ಅನುಕರಿಸಲು ಹೋಗಬೇಡಿ.

ಅರ್ಜಿಯ ಪ್ರತಿಗೆ ತಾರೀಕು ಸಮೇತ ಸೀಲು ಹಾಕಿಸಿ. ಉಳಿದ ದುಡ್ಡು ಆವತ್ತಿನವರೆಗಿನ ಬಡ್ಡಿ ಸೇರಿ ಹೊಸ ಖಾತೆಗೆ ಬರಬೇಕು. ಬಂದ ಮೇಲೆ ಖಾತೆ ಮುಚ್ಚಿದ್ದಕ್ಕೆ ಪತ್ರವನ್ನೋ ಇಮೇಲನ್ನೋ ಕೇಳಿ ಪಡೆಯಿರಿ. ಮುಂದಿನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಆ ವರ್ಷ ಇದ್ದ ಖಾತೆಗಳನ್ನೆಲ್ಲ ತೋರಿಸಬೇಕು, ಮುಚ್ಚಿದ್ದೂ ಸೇರಿ.

ಮುಚ್ಚದೆ ಬಿಟ್ಟರೆ ಏನಾಗುತ್ತದೆ? ಎರಡು ವರ್ಷ ನೀವು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ದಾಟಿದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಮತ್ತೆ ಕೇಳಿ ಪಡೆಯಬಹುದು, ಮರೆತ ಖಾತೆ ಹುಡುಕಲು ಉದ್ಗಮ್ ಅನ್ನುವ ಪೋರ್ಟಲ್ ಕೂಡ ಇದೆ. ಇಷ್ಟೆಲ್ಲ ಯಾಕೆ ಬೇಕು ಅಲ್ವಾ?

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ

ಸೀಡಿಂಗ್ ಮಾಡುತ್ತಿಲ್ಲ, ಖಾತೆ ಮುಚ್ಚುತ್ತಿಲ್ಲ ಅಂದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಹಂತ ಹಂತಕ್ಕೂ ಸೀಲು ಹಾಕಿಸಿದ ಆ ಕಾಗದಗಳು ಆಗ ಕೆಲಸಕ್ಕೆ ಬರುತ್ತವೆ.

ಈ ಮೂರು ತಿಂಗಳಲ್ಲಿ "ನಿಮ್ಮ ಖಾತೆ ಬ್ಲಾಕ್ ಆಗುತ್ತದೆ, ಕೆವೈಸಿ ಅಪ್‌ಡೇಟ್ ಮಾಡಿ" ಅನ್ನುವ ಕರೆ ಬಂದರೆ ತಕ್ಷಣ ನಂಬಿಬಿಡುವ ಮನಸ್ಸು ಇರುತ್ತದೆ, ಯಾಕೆಂದರೆ ನೀವು ನಿಜವಾಗಿಯೂ ಖಾತೆಯ ಕೆಲಸದಲ್ಲೇ ಇರುತ್ತೀರಿ. ಫೋನ್ ಇಟ್ಟು, ನೀವೇ ಶಾಖೆಗೆ ಹೋಗಿ ಕೇಳಿ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ತೆರೆಯಬೇಡಿ. ದುಡ್ಡು ಹೋಗಿಬಿಟ್ಟರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ.